ಪರ್ವತಗಳ ವಿದ್ಯಾರ್ಥಿ ಹಂಬೋಲ್ಟ್

ಅಲೆಕ್ಸಾಂಡರ್ ವಾನ್ ಹಂಬೋಲ್ಟರು 1769ನೆಯ ಇಸವಿಯಲ್ಲಿ ಬರ್ಲಿನ್ ನಗರದಲ್ಲಿ ಜನಿಸಿದರು. ತಾಯಿಯ ಮರಣಾನಂತರ ದೊರೆತ ಆಸ್ತಿಯನ್ನು ಸುಖಭೋಗಗಳಿಗೆ ವಿನಿಯೋಗಿಸದೆ, 1799ರಲ್ಲಿ ಸಸ್ಯಶಾಸ್ತ್ರಜ್ಞ ಬೊನ್‌ಪ್ಲಾಂಡರೊಡನೆ ದಕ್ಷಿಣ ಅಮೆರಿಕಕ್ಕೆ ಹೊರಟರು. ಅಲ್ಲಿ 1802ರ ಜೂನ್ 23ರಂದು, ಆಗ ಲೋಕದಲ್ಲೇ ಅತ್ಯುನ್ನತವೆಂದು ಎಣಿಸಲ್ಪಟ್ಟಿದ್ದ ಚಿಂಬೊರಾಜೊ ಪರ್ವತವನ್ನೇರಿದರು. ಉಸಿರು ಕಟ್ಟಿ, ಒಸಡುಗಳಲ್ಲಿ ರಕ್ತ ಒಸರಿದರೂ ವಾಯುಭಾರಮಾಪಕದಿಂದ ಎತ್ತರವನ್ನು ಅಳೆದರು. ಆಳವಾದ ಕಂದರವೊಂದು ಅಡ್ಡವಾಗಲು, ಶಿಖರವನ್ನು ಮುಟ್ಟದೆಯೇ ಹಿಂದಿರುಗಬೇಕಾಯಿತು.

ಆದರೆ ಆ ಶ್ರಮವು ವ್ಯರ್ಥವಾಗಲಿಲ್ಲ. ಬುಡದ ತಾಳೆಮರಗಳಿಂದ ಮೇಲಣ ಹಿಮದವರೆಗೆ, ಎತ್ತರಕ್ಕೆ ತಕ್ಕಂತೆ ಹವೆಯೂ ಸಸ್ಯಗಳೂ ಬದಲಾಗುವ ಕ್ರಮವನ್ನು 1807ರಲ್ಲಿ ಚಿತ್ರಸಹಿತ ಪ್ರಕಟಿಸಿದರು. ಹಿಮಾಲಯವನ್ನು ಕಾಣುವ ಅವರ ಹಂಬಲಕ್ಕೆ ಈಸ್ಟ್ ಇಂಡಿಯಾ ಕಂಪೆನಿಯ ಅಪ್ಪಣೆ ದೊರೆಯಲೇ ಇಲ್ಲ. ಆಸ್ತಿಯನ್ನೆಲ್ಲ ವಿದ್ಯೆಗಾಗಿ ವೆಚ್ಚಮಾಡಿ, 1859ರಲ್ಲಿ ಬರ್ಲಿನ್ನಿನಲ್ಲೇ ತೀರಿಕೊಂಡರು.

ಪ್ರಿಯ ವಿದ್ಯಾರ್ಥಿನಿಯರೇ, ಭೂಪಟದಲ್ಲಿ ಸಮೋಷ್ಣರೇಖೆಗಳನ್ನು ನೀವು ಎಳೆದುದು ನೆನಪಿದೆಯೇ? 1817ರಲ್ಲಿ ಅದನ್ನು ಲೋಕಕ್ಕೆ ಕಲಿಸಿದವರು ಶಿಖರ ಮುಟ್ಟದ ಈ ಮಹನೀಯರೇ ಎಂಬುದನ್ನು ನಾವು ಮರೆಯಲಾಗದು.