ಬೆಟ್ಟದ ಚಿತ್ರಕ್ಕೂ ಒಂದು ಪಹಣಿ

ಮಕ್ಕಳೇ, ಬೆಂಗಳೂರಿನಿಂದ ಹೊರಟ ಕಾರು ಹಾಸನ ದಾಟಿ ಆಲೂರಿನ ಕಡೆ ಬರುತ್ತಿದ್ದಂತೆ ಬಯಲು ಸೀಮೆ ಮುಗಿಯುತ್ತದೆ. ಸಿಲ್ವರ್ ಓಕ್ ಮರ, ಅದನ್ನು ತಬ್ಬಿಕೊಂಡ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ ಶುರುವಾಗುತ್ತವೆ. ಸಕಲೇಶಪುರ ದಾಟಿ ಮಂಗಳೂರಿನ ರಸ್ತೆಯಲ್ಲಿ ದೋಣಿಗಲ್ ಹತ್ತಿರ ಹೋದರೆ ಟಿಪ್ಪು ಸುಲ್ತಾನನ ಕಾಲದ ಮಂಜರಾಬಾದ್ ಕೋಟೆ ಸಿಗುತ್ತದೆ. 1792ರ ಹೊತ್ತಿಗೆ ಕಟ್ಟಿ ಮುಗಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ನೀವಿರುವ ದೇಶದಲ್ಲೇ ಕೂತು ಫೋನಿನ ಉಪಗ್ರಹ ನಕ್ಷೆಯಲ್ಲಿ ಆ ನಕ್ಷತ್ರವನ್ನು ಚೆನ್ನಾಗಿ ನೋಡಬಹುದು. ಮಳೆಗಾಲದಲ್ಲಿ ಅದೇ ಕೋಟೆಯ ಮೇಲೆ ನಿಂತರೆ ಕೋಟೆ ಕಾಣುವುದಿಲ್ಲ, ನಾಲ್ಕು ಮಾರು ಮುಂದೆ ಹೋದ ಅಣ್ಣನೂ ಕಾಣುವುದಿಲ್ಲ. ಅಷ್ಟು ಮಂಜು.

ನಿಮಗೆ ಶಾಲೆಯ ದೊಡ್ಡ ರಜೆ ಸಿಗುವುದೇ ಜೂನ್, ಜುಲೈನಲ್ಲಿ. ಊರಿನವರು ‘ಮಾರ್ಚ್, ಏಪ್ರಿಲ್‌ನಲ್ಲಿ ಬನ್ನಿ, ಕಾಫಿ ಹೂ ನೋಡಬಹುದು’ ಎನ್ನುತ್ತಾರೆ. ನೀವು ಹೋಗುವುದು ಜಡಿಮಳೆಗೆ. ಆಡಲು ಅಂಗಳವಿಲ್ಲ, ಕರೆಂಟೂ ಆಗಾಗ ಇರುವುದಿಲ್ಲ. ಹಾಗಾಗಿ ಜಗಲಿಯಲ್ಲಿ ಕೂತು ಬಣ್ಣದ ಪೆಟ್ಟಿಗೆ ತೆಗೆಯುತ್ತೀರಿ. ಮೂರು ತ್ರಿಕೋನದ ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಹೊಳೆ. ಎದುರಿಗಿರುವ ಬೆಟ್ಟ ಹಾಗಿಲ್ಲ ಎಂದು ನಿಮಗೂ ಗೊತ್ತು. ಅಲ್ಲಿ ಸೂರ್ಯ ಕಾಣಿಸಿಕೊಂಡು ವಾರವಾಗಿದೆ, ಬೆಟ್ಟದ ಅರ್ಧ ಮೋಡದೊಳಗಿದೆ. ಆದರೆ ಮಂಜನ್ನು ಬರೆಯುವುದು ಹೇಗೆ? ಬಿಳಿ ಬಣ್ಣ ಬಳಿದರೆ ಅದು ಮಂಜಾಗುವುದಿಲ್ಲ.

ಈ ತೊಂದರೆಯನ್ನು ನಿಮಗಿಂತ ಮೊದಲೇ ಎದುರಿಸಿ ಗೆದ್ದ ಒಬ್ಬ ಕನ್ನಡಿಗರಿದ್ದಾರೆ. ಹೆಸರು ಕೆ. ವೆಂಕಟಪ್ಪ. ಅವರ ಪ್ರಸಿದ್ಧ ಬೆಟ್ಟಗಳು ನಮ್ಮ ಸಕಲೇಶಪುರದವಲ್ಲ, ಊಟಿ ಮತ್ತು ಕೊಡೈಕನಾಲಿನವು. ಆದರೂ ಆ ಚಿತ್ರಗಳ ಮುಂದೆ ನಿಂತರೆ ನಮ್ಮ ಕಡೆಯ ಬಿಸಿಲೆ ಘಾಟಿಯ ಬೆಳಗು ನೆನಪಾಗದೆ ಇರುವುದಿಲ್ಲ.

ವೆಂಕಟಪ್ಪ ಹುಟ್ಟಿದ್ದು 1886ರಲ್ಲಿ, ಚಿತ್ರಗಾರರ ಮನೆತನದಲ್ಲಿ. ಮೈಸೂರು ಶೈಲಿಯ ಚಿತ್ರ ನೋಡಿದ್ದೀರಲ್ಲ? ಮಕ್ಕು ಎಂಬ ಲೇಪ ಮೆತ್ತಿ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಅಂಟಿಸಿದ ದೇವರ ಪಟ. ಮನೆತನದ ಕಸುಬು ಅದು. ಆ ಪಟಗಳಲ್ಲಿ ಬೆಟ್ಟ ಬಂದರೂ ದೇವರ ಹಿಂದೆ ಬರುತ್ತದೆ. ಹುಡುಗನ ಕೈಚಳಕ ಕಂಡ ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು 1909ರಲ್ಲಿ ಅವರನ್ನು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳಿಸಿದರು. ಅಲ್ಲಿ ಗುರು ಅಬನೀಂದ್ರನಾಥ ಟ್ಯಾಗೋರ್, ಜೊತೆಗಾರ ನಂದಲಾಲ್ ಬೋಸ್. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಬರೆದ ಪುರಾಣ ಕಥೆಗಳ ಪುಸ್ತಕವೊಂದು 1913ರಲ್ಲಿ ಲಂಡನ್ನಿನಲ್ಲಿ ಅಚ್ಚಾದಾಗ ಅದರೊಳಗೆ ವೆಂಕಟಪ್ಪನವರ ರಾಮಾಯಣದ ಚಿತ್ರಗಳೂ ಇದ್ದವು.

ಕಲ್ಕತ್ತೆಯಲ್ಲಿ ಅವರಿಗೆ ಸಿಕ್ಕಿದ್ದು ವಾಶ್ ಪದ್ಧತಿ. ಜಪಾನಿನ ಕಲಾವಿದರ ಒಡನಾಟದಿಂದ ಅಬನೀಂದ್ರನಾಥರು ರೂಢಿಸಿಕೊಂಡದ್ದು. ನೀರುಬಣ್ಣದಲ್ಲಿ ಚಿತ್ರ ಬರೆಯುವುದು, ಒಣಗಿದ ಮೇಲೆ ಹಾಳೆಯನ್ನೇ ನೀರಿನಲ್ಲಿ ಅದ್ದುವುದು. ಕಾಗದ ಕುಡಿದಷ್ಟು ಬಣ್ಣ ಉಳಿಯುತ್ತದೆ, ಮಿಕ್ಕದ್ದು ನೀರುಪಾಲು. ಒಣಗಿಸಿ ಮತ್ತೆ ಬಣ್ಣ, ಮತ್ತೆ ನೀರು. ಹೀಗೆ ಹಲವು ಸಲ ಮಾಡಿದ ಮೇಲೆ ಗೆರೆಗಳ ಮೊನೆ ಸವೆದು, ಬೆಟ್ಟ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಹೇಳಲಾಗದ ಒಂದು ತೆಳು ಪದರ ಕೂರುತ್ತದೆ. ಮಂಜು ಬರುವುದು ಹೀಗೆ, ಬಣ್ಣ ಹಾಕಿ ಅಲ್ಲ, ತೆಗೆದು. ಮನೆಯಲ್ಲಿ ಮಾಡಿ ನೋಡಿ. ದಪ್ಪ ಕಾಗದವೇ ಬೇಕು, ಪ್ರಿಂಟರಿನ ಹಾಳೆ ಹರಿದುಹೋಗುತ್ತದೆ.

1926ರ ಸುಮಾರಿಗೆ ವೆಂಕಟಪ್ಪ ಊಟಿಯಲ್ಲಿ ಬರೆದ ನೀರುಬಣ್ಣದ ಚಿತ್ರಗಳಲ್ಲಿ ದೇವರಿಲ್ಲ, ಅರಸರಿಲ್ಲ, ಚಿನ್ನವಂತೂ ಇಲ್ಲವೇ ಇಲ್ಲ. ಬೆಟ್ಟ, ಮೋಡ, ಬೆಳಕು, ಅಷ್ಟೇ. ಕಲ್ಕತ್ತೆಯ ಗೆಳೆಯರು ಮಂಜನ್ನು ಕನಸಿನಂತೆ ಬರೆದರು. ವೆಂಕಟಪ್ಪ ಹಾಗೆ ಬಿಡಲಿಲ್ಲ. ಮಂಜಿನ ಹಿಂದಿರುವ ಮರ ಯಾವ ಮರ ಎಂದು ಗುರುತು ಹಿಡಿಯುವಷ್ಟು ಕಟ್ಟುನಿಟ್ಟಾಗಿ ಬರೆದರು. ಚಿನ್ನದ ರೇಕಿನ ಕುಸುರಿ ಕಲಿತ ಮನೆತನದ ಕೈ ಅದು ಎಂದು ನನಗನ್ನಿಸುತ್ತದೆ. ಕನ್ನಡ ನಾಡಿನಲ್ಲಿ ಬೆಟ್ಟವನ್ನು ಬೆಟ್ಟಕ್ಕಾಗಿಯೇ ಬರೆದ ಮೊದಮೊದಲ ಚಿತ್ರಗಳಲ್ಲಿ ಇವಕ್ಕೆ ದೊಡ್ಡ ಜಾಗವಿದೆ.

ಮನುಷ್ಯ ಸುಲಭದವರಲ್ಲ. ಮದುವೆಯಾಗಲಿಲ್ಲ, ದಿನಚರಿ ಬರೆದಿಡುತ್ತಿದ್ದರು, ಒಂದಷ್ಟು ಕಾಲ ಕುಂಚ ಬದಿಗಿಟ್ಟು ವೀಣೆ ಶೇಷಣ್ಣನವರ ಬಳಿ ವೀಣೆ ಕಲಿಯುವುದರ ಹಿಂದೆ ಬಿದ್ದರು. ಆ ವೀಣೆಯ ಹುಚ್ಚನ್ನೇ ವಸ್ತುವಾಗಿಸಿ ಒಂದು ಚಿತ್ರವನ್ನೂ ಬರೆದುಕೊಂಡರು. ಅರಮನೆಗಾಗಿ ಗಾರೆಯ ಉಬ್ಬುಶಿಲ್ಪಗಳನ್ನು ಮಾಡುತ್ತಿದ್ದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಆ ಕೆಲಸ ನಿಂತುಹೋಗಿ ಬೆಂಗಳೂರಿಗೆ ಬಂದರು. ಚಿತ್ರಗಳನ್ನು ಮಾರುವುದೆಂದರೆ ಅವರಿಗೆ ಆಗಿಬರುತ್ತಿರಲಿಲ್ಲ.

ಈಗ ಪಹಣಿಯ ಮಾತು. ಆಲೂರಿನಲ್ಲೋ ಸಕಲೇಶಪುರದಲ್ಲೋ ನಿಮ್ಮ ಅಜ್ಜನಿಗೆ ಎರಡು ಎಕರೆ ತೋಟವಿದ್ದರೂ ಸಾಕು, ಕಬ್ಬಿಣದ ಟ್ರಂಕಿನಲ್ಲಿ ಪಹಣಿ ಎಂಬ ಕಾಗದ ಇದ್ದೇ ಇರುತ್ತದೆ. ಜಮೀನು ಯಾರದು, ಅವರಿಗೆ ಯಾರಿಂದ ಬಂತು, ಅದರಲ್ಲಿ ಏನು ಬೆಳೆದಿದ್ದಾರೆ, ಎಲ್ಲ ಅದರಲ್ಲುಂಟು. ದೊಡ್ಡ ಕಲಾವಿದರ ಚಿತ್ರಕ್ಕೂ ಅಂಥದ್ದೊಂದು ಇರುತ್ತದೆ. ಯಾರು ಬರೆದರು, ಮೊದಲು ಯಾರ ಗೋಡೆಯ ಮೇಲಿತ್ತು, ಯಾರು ಯಾರಿಗೆ ಮಾರಿದರು ಎಂಬ ದಾಖಲೆ. ಮಧ್ಯದಲ್ಲಿ ಇಪ್ಪತ್ತು ವರ್ಷ ಅದು ಎಲ್ಲಿತ್ತೆಂದು ಗೊತ್ತಾಗದಿದ್ದರೆ ಕೊಳ್ಳುವವರು ಹಿಂಜರಿಯುತ್ತಾರೆ. ಕದ್ದದ್ದೋ, ನಕಲಿಯೋ ಎಂಬ ಅನುಮಾನ.

ವೆಂಕಟಪ್ಪನವರ ಬೆಟ್ಟದ ಚಿತ್ರಗಳ ಪಹಣಿ ಬಹಳ ಚಿಕ್ಕದು. ಅವರು ಬರೆದರು, ತಮ್ಮ ಹತ್ತಿರವೇ ಇಟ್ಟುಕೊಂಡರು. 1965ರಲ್ಲಿ ಅವರು ತೀರಿಕೊಂಡ ಮೇಲೆ ಅವು ಸರ್ಕಾರಕ್ಕೆ ಬಂದವು. ಅವುಗಳಿಗಾಗಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲಿ, 1970ರ ದಶಕದಲ್ಲಿ ವೆಂಕಟಪ್ಪ ಚಿತ್ರಶಾಲೆ ಎದ್ದಿತು. ಇಷ್ಟೇ ಕೈಬದಲು. ನಡುವೆ ಒಂದು ಗಲಾಟೆ ಮಾತ್ರ ಆಯಿತು. 2015ರಲ್ಲಿ ಸರ್ಕಾರ ಈ ಚಿತ್ರಶಾಲೆಯನ್ನು ದತ್ತು ಯೋಜನೆಯಡಿ ಒಂದು ಖಾಸಗಿ ಪ್ರತಿಷ್ಠಾನಕ್ಕೆ ವಹಿಸಲು ಒಪ್ಪಂದ ಮಾಡಿಕೊಂಡಿತು. ಕಟ್ಟಡ ಚೆಂದವಾಗುತ್ತದೆ ಎಂದವರು ಕೆಲವರು; ಸಾರ್ವಜನಿಕರ ಆಸ್ತಿಯ ಕೀಲಿಕೈ ಯಾಕೆ ಕೊಡಬೇಕು ಎಂದು ಬೀದಿಗಿಳಿದ ಕಲಾವಿದರು ಬಹಳ ಮಂದಿ. ಆ ಒಪ್ಪಂದ ನಡೆಯಲಿಲ್ಲ. ನನ್ನ ಮತ ಕೇಳಿದರೆ ಕಲಾವಿದರ ಕಡೆಗೇ. ಸೋರುವ ಸೂರನ್ನು ರಿಪೇರಿ ಮಾಡಿಸುವುದು ಬೇರೆ, ಮನೆಯನ್ನೇ ವಹಿಸಿಕೊಡುವುದು ಬೇರೆ.

ವಿದೇಶದಲ್ಲಿರುವ ನಿಮಗೆ ಗೊತ್ತಿರಬೇಕಾದ ಇನ್ನೊಂದು ವಿಷಯವಿದೆ. ಭಾರತದಲ್ಲಿ 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಒಂಬತ್ತು ಕಲಾವಿದರ ಕೃತಿಗಳು ರಾಷ್ಟ್ರೀಯ ಕಲಾನಿಧಿ. ರಾಜಾ ರವಿವರ್ಮ, ಅಮೃತಾ ಶೇರ್‌ಗಿಲ್, ರವೀಂದ್ರನಾಥ ಟ್ಯಾಗೋರ್ ಆ ಪಟ್ಟಿಯಲ್ಲಿದ್ದಾರೆ. ಅವರ ಚಿತ್ರವೊಂದನ್ನು ನೀವು ಮುಂಬಯಿಯಲ್ಲಿ ದುಡ್ಡು ಕೊಟ್ಟು ಕೊಂಡರೂ ಸೂಟ್‌ಕೇಸಿನಲ್ಲಿಟ್ಟು ಮನೆಗೆ ತರುವಂತಿಲ್ಲ. ವೆಂಕಟಪ್ಪನವರ ಗುರು ಅಬನೀಂದ್ರನಾಥರೂ ಜೊತೆಗಾರ ನಂದಲಾಲರೂ ಪಟ್ಟಿಯಲ್ಲಿದ್ದಾರೆ. ವೆಂಕಟಪ್ಪ ಇಲ್ಲ. ಆದರೆ ಮಾರದೆ ಉಳಿಸಿಕೊಂಡ ಅವರ ಹಟವೇ ಕಾಯ್ದೆಯ ಕೆಲಸವನ್ನು ಮಾಡಿತು. ಚಿತ್ರಗಳು ಚೆದುರದೆ ಒಂದೇ ಸೂರಿನಡಿ ಉಳಿದವು.

ಚಿತ್ರ ಬರೆದವರು ಮಾಡಬೇಕಾದ ಒಂದು ಸಣ್ಣ ಕೆಲಸವನ್ನು ಮಾತ್ರ ಇಟಲಿಯ ಒಬ್ಬ ಹುಡುಗನಿಂದ ಕಲಿಯಬೇಕು. ಲಿಯೊನಾರ್ಡೊ ಡ ವಿಂಚಿ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಶಾಯಿಯಲ್ಲಿ ಒಂದು ಕಣಿವೆಯನ್ನು ಬರೆದ. ಬೆಟ್ಟ, ಬಂಡೆಯಿಂದ ಬೀಳುವ ನೀರು, ದೂರದಲ್ಲೊಂದು ಕೋಟೆ. ಸಕಲೇಶಪುರದವರು ನೋಡಿದರೆ ನಮ್ಮ ಕಡೆಯದೇ ಎಂದಾರು. ಹಾಳೆಯ ಎಡ ಮೇಲ್ತುದಿಯಲ್ಲಿ, ಬಲದಿಂದ ಎಡಕ್ಕೆ ಓಡುವ ತನ್ನ ಕನ್ನಡಿ ಬರಹದಲ್ಲಿ, 1473ರ ಆಗಸ್ಟ್ 5 ಎಂದು ಬರೆದಿಟ್ಟ. ಅವನು ದಿನಾಂಕ ಹಾಕಿದ ಚಿತ್ರಗಳಲ್ಲಿ ನಮಗೆ ಸಿಕ್ಕಿರುವ ಮೊದಲನೆಯದು ಇದು. ಫ್ಲಾರೆನ್ಸಿನ ಉಫಿಝಿ ಸಂಗ್ರಹಾಲಯದಲ್ಲಿದೆ. ಆ ಒಂದು ಸಾಲಿನಿಂದಾಗಿ ಐನೂರು ವರ್ಷಗಳ ನಂತರವೂ ಅದು ಯಾವಾಗಿನದು ಎಂದು ಯಾರೂ ಊಹಿಸುತ್ತ ಕೂರಬೇಕಾಗಿಲ್ಲ.

ಈ ಸಲ ಊರಿಗೆ ಹೋದಾಗ ಹೀಗೆ ಮಾಡಿ. ಜಗಲಿಯಿಂದ ಕಾಣುವ ಬೆಟ್ಟವನ್ನು, ಮಂಜಿದ್ದರೆ ಮಂಜಿನ ಸಮೇತ, ಬರೆಯಿರಿ. ಹಿಂಬದಿಯಲ್ಲಿ ಹೆಸರು, ದಿನಾಂಕ, ಊರು, ಬೆಟ್ಟದ ಹೆಸರು ಕನ್ನಡದಲ್ಲೇ ಇರಲಿ. ಬೆಟ್ಟದ ಹೆಸರು ಅಜ್ಜನನ್ನೇ ಕೇಳಿ. ಯಾರಿಗಾದರೂ ಕೊಟ್ಟರೆ ಯಾರಿಗೆ ಕೊಟ್ಟಿರಿ ಎಂಬುದನ್ನೂ ಬರೆದಿಡಿ. ಸೆಪ್ಟೆಂಬರಿನಲ್ಲಿ ಮರಳಿದ ಮೇಲೆ ಅದರ ಒಂದು ಫೋಟೊ ತೆಗೆದು ನಮ್ಮ ಕನ್ನಡ ಕೂಟಕ್ಕೆ ಕಳಿಸಿದರೆ ದೀಪಾವಳಿ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ಮೂಲ ಚಿತ್ರ ನಿಮ್ಮಲ್ಲೇ ಇರಲಿ. ಇನ್ನು ಬೆಂಗಳೂರಿನಲ್ಲಿ ಒಂದು ಬೆಳಗ್ಗೆ ಬಿಡುವಿದ್ದರೆ, ಚಿತ್ರಶಾಲೆ ತೆರೆದಿದೆಯೇ ಎಂದು ಮೊದಲು ಫೋನ್ ಮಾಡಿ ವಿಚಾರಿಸಲು ಅಪ್ಪನಿಗೆ ಹೇಳಿ, ಕಸ್ತೂರಬಾ ರಸ್ತೆಗೆ ಕರೆದುಕೊಂಡು ಹೋಗುವ ತನಕ ಬಿಡಬೇಡಿ.