ಕುದಿಯುವ ಎಣ್ಣೆಯ ಮಿಥ್ಯೆ ಒಡೆದ ಕ್ಷೌರಿಕ: ಆಂಬ್ರೋಯ್ಸ್ ಪಾರೆ

ಗುಂಡೇಟು ಬಿದ್ದ ಗಾಯಕ್ಕೆ ಕುದಿಯುವ ಎಣ್ಣೆ ಸುರಿಯಬೇಕು, ಇಲ್ಲದಿದ್ದರೆ ವಿಷವೇರಿ ಸಾವು ಖಚಿತ. ಇದು ನಿಮ್ಮ ವಾಟ್ಸಾಪ್ ಗುಂಪಿಗೆ ಬಂದ ಸಂದೇಶವಲ್ಲ. ಸುಮಾರು 500 ವರ್ಷಗಳ ಹಿಂದೆ ಯುರೋಪಿನ ಹೆಸರಾಂತ ವೈದ್ಯಗ್ರಂಥದಲ್ಲಿದ್ದ ಸಲಹೆ. ಅದು ತಪ್ಪೆಂದು ತೋರಿಸಿದವರು ಲ್ಯಾಟಿನ್ ಬಾರದ ಒಬ್ಬ ಕ್ಷೌರಿಕ.

ಕ್ಷೌರಿಕರೇ ಶಸ್ತ್ರವೈದ್ಯರು

ಆಗಿನ ಯುರೋಪಿನಲ್ಲಿ ವಿಶ್ವವಿದ್ಯಾಲಯದಲ್ಲಿ ಓದಿದ ವೈದ್ಯರು ರೋಗಿಯ ಮೈ ಕೊಯ್ಯುವುದನ್ನು ಕೀಳು ಕೆಲಸವೆಂದು ಭಾವಿಸಿದ್ದರು. ಹರಿತವಾದ ಕತ್ತಿ, ನಡುಗದ ಕೈ ಇದ್ದದ್ದು ಕ್ಷೌರಿಕರಿಗೆ. ಹಾಗಾಗಿ ಗಡ್ಡ ಬೋಳಿಸುವ ಅಂಗಡಿಯಲ್ಲೇ ಹಲ್ಲು ಕೀಳುವುದು, ಕುರು ಕೊಯ್ಯುವುದು, ರಕ್ತ ತೆಗೆಯುವುದು ಎಲ್ಲವೂ ನಡೆಯುತ್ತಿತ್ತು. ಕೆಲವು ಸಲೂನ್‌ಗಳ ಮುಂದೆ ಇಂದಿಗೂ ತಿರುಗುವ ಕೆಂಪು-ಬಿಳಿ ಪಟ್ಟೆಯ ಕಂಬ ಆ ಕಾಲದ ರಕ್ತ ಮತ್ತು ಬ್ಯಾಂಡೇಜ್ ಬಟ್ಟೆಯ ನೆನಪು ಎನ್ನುತ್ತಾರೆ.

ಪಾರೆ ಸುಮಾರು 1510ರಲ್ಲಿ ಫ್ರಾನ್ಸಿನ ಲವಾಲ್ ಊರಿನ ಬಳಿ ಹುಟ್ಟಿದರು. ಕ್ಷೌರಿಕರ ಬಳಿ ಕೆಲಸ ಕಲಿತು, ಪ್ಯಾರಿಸ್‌ನ ದೊಡ್ಡ ಆಸ್ಪತ್ರೆ ಓತೆಲ್-ದಿಯೂನಲ್ಲಿ ಕೆಲವು ವರ್ಷ ದುಡಿದು, ಸೇನೆಯ ಜೊತೆ ಇಟಲಿಗೆ ಹೊರಟರು.

ಎಣ್ಣೆ ಮುಗಿದ ರಾತ್ರಿ

1537ರ ಹೊತ್ತಿಗೆ ಟ್ಯೂರಿನ್ ಕಡೆಯ ಯುದ್ಧ. ಮದ್ದಿನಪುಡಿಯೇ ವಿಷ, ಅದನ್ನು ಸುಟ್ಟೇ ತೆಗೆಯಬೇಕು ಎಂಬುದು ಅಂದಿನ ನಂಬಿಕೆ. ಪಾರೆ ಕೂಡ ಹಾಗೆಯೇ ಮಾಡುತ್ತಿದ್ದರು. ಒಂದು ದಿನ ಎಣ್ಣೆ ಮುಗಿಯಿತು, ಗಾಯಾಳುಗಳು ಇನ್ನೂ ಉಳಿದಿದ್ದರು. ಬೇರೆ ದಾರಿ ಕಾಣದೆ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಹಚ್ಚಿದರು.

ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ. ಎಣ್ಣೆ ಸಿಗದವರೆಲ್ಲ ಬೆಳಗ್ಗೆ ಹೆಣವಾಗಿರುತ್ತಾರೆಂಬ ಭಯ. ನಸುಕಿನಲ್ಲೇ ಎದ್ದು ಹೋಗಿ ನೋಡಿದರೆ ಮುಲಾಮು ಹಚ್ಚಿಸಿಕೊಂಡವರಿಗೆ ನೋವು ಕಡಿಮೆ, ಬಾವು ಇಲ್ಲ. ರಾತ್ರಿ ಒಂದಿಷ್ಟು ಮಲಗಿಯೂ ಇದ್ದರು. ಎಣ್ಣೆ ಸುರಿಸಿಕೊಂಡವರು ಜ್ವರ, ಬಾವು, ನೋವಿನಿಂದ ನರಳುತ್ತಿದ್ದರು. ಅಂದೇ ಪಾರೆ ಎಣ್ಣೆಯನ್ನು ಕೈಬಿಡಲು ನಿರ್ಧರಿಸಿದರು.

ಹಾಗಾದರೆ ಮೊಟ್ಟೆಯ ಮುಲಾಮು ಮನೆಮದ್ದೇ? ಅಲ್ಲ. ಕುದಿಯುವ ಎಣ್ಣೆ ಗಾಯದ ಸುತ್ತಲಿನ ಆರೋಗ್ಯವಂತ ಮಾಂಸವನ್ನೂ ಸುಟ್ಟು ಕೊಲ್ಲುತ್ತಿತ್ತು. ಮುಲಾಮು ಆ ಹಾನಿ ಮಾಡಲಿಲ್ಲ, ಅದೇ ಮುಖ್ಯ ವ್ಯತ್ಯಾಸ. ಇಂದು ಇದನ್ನು ಗಾಯಕ್ಕೆ ಹಚ್ಚಿದರೆ ಸೋಂಕು ತಗುಲಬಹುದು, ಚರ್ಮ ಉರಿಯಬಹುದು.

ರಾಜನ ಕಲ್ಲಿಗೂ ಪರೀಕ್ಷೆ

1545ರಲ್ಲಿ ಪಾರೆ ಗುಂಡೇಟಿನ ಚಿಕಿತ್ಸೆಯ ಬಗ್ಗೆ ಪುಸ್ತಕ ಬರೆದರು, ಅದೂ ಜನ ಆಡುವ ಫ್ರೆಂಚ್‌ನಲ್ಲಿ. ಲ್ಯಾಟಿನ್ ಬಾರದ ಕ್ಷೌರಿಕರೂ ಓದುವಂತಾಯಿತು. ಕೈಕಾಲು ಕತ್ತರಿಸಿದಾಗ ಕಾದ ಕಬ್ಬಿಣದಿಂದ ಸುಡುವ ಬದಲು ರಕ್ತನಾಳವನ್ನು ದಾರದಿಂದ ಕಟ್ಟುವ ವಿಧಾನವನ್ನು ಬಳಕೆಗೆ ತಂದರು. ದಾರದಿಂದ ಕಟ್ಟುವುದು ಮೊದಲೇ ಗೊತ್ತಿದ್ದ ಹಳೆಯ ವಿದ್ಯೆ, ಅಂಗಚ್ಛೇದನಕ್ಕೆ ಅದನ್ನು ಬಳಸಿದ್ದು ಪಾರೆಯವರ ಹೆಗ್ಗಳಿಕೆ. ಕೃತಕ ಕೈಕಾಲುಗಳ ವಿನ್ಯಾಸವನ್ನೂ ಪ್ರಕಟಿಸಿದರು. ನಾಲ್ವರು ರಾಜರಿಗೆ ಶಸ್ತ್ರವೈದ್ಯರಾದರು.

ಆಗ ಪ್ರಾಣಿಗಳ ಹೊಟ್ಟೆಯಲ್ಲಿ ಬೆಳೆಯುವ ‘ಬೆಝೋರ್’ ಕಲ್ಲು ಎಲ್ಲ ವಿಷಕ್ಕೂ ಮದ್ದು ಎಂದು ನಂಬಿದ್ದರು. ರಾಜ 9ನೇ ಚಾರ್ಲ್ಸ್ ಬಳಿಯೂ ಒಂದು ಕಲ್ಲಿತ್ತು. ಪಾರೆ ಒಪ್ಪಲಿಲ್ಲ. ಬೆಳ್ಳಿ ತಟ್ಟೆ ಕದ್ದು ಗಲ್ಲು ಶಿಕ್ಷೆಗೆ ಗುರಿಯಾಗಿದ್ದ ಅಡುಗೆಯವನೊಬ್ಬ, ಬದುಕಿದರೆ ಬಿಡುಗಡೆ ಎಂಬ ಆಸೆಯಿಂದ ವಿಷವನ್ನೂ ಕಲ್ಲನ್ನೂ ಸೇವಿಸಿದ. ಸುಮಾರು ಏಳು ಗಂಟೆ ನರಳಿ ಸತ್ತ. ಇಂದು ಇಂಥ ಪರೀಕ್ಷೆಯನ್ನು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೆ ಕಲ್ಲಿನ ಬಣ್ಣ ಬಯಲಾಯಿತು. ಮುಂದೆ 1582ರಲ್ಲಿ, ಔಷಧವೆಂದು ಮಾರುತ್ತಿದ್ದ ಈಜಿಪ್ಟ್ ಮಮ್ಮಿಯ ಪುಡಿ ಮತ್ತು ಒಂಟಿಕೊಂಬಿನ ಕುದುರೆಯ ಕೊಂಬಿನ ವಿರುದ್ಧವೂ ಬರೆದರು.

ಪಾರೆ ಎಲ್ಲದರಲ್ಲೂ ಸರಿಯಿರಲಿಲ್ಲ. ವಿಚಿತ್ರ ಜನನಗಳಿಗೆ ದೈವಕೋಪ, ದೆವ್ವಗಳೂ ಕಾರಣವೆಂದು ಬರೆದವರೂ ಅವರೇ. 1590ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು.

ಫಾರ್ವರ್ಡ್ ಮಾಡುವ ಮುನ್ನ

ಕುದಿಯುವ ಎಣ್ಣೆ ಸುರಿಸಿಕೊಂಡವರಲ್ಲೂ ಕೆಲವರು ಬದುಕುತ್ತಿದ್ದರು. ಎಣ್ಣೆಯೇ ಉಳಿಸಿತು ಎಂದು ಎಲ್ಲರೂ ನಂಬಿದ್ದರು. ಎಣ್ಣೆ ಇಲ್ಲದೆ ಏನಾಗುತ್ತದೆಂದು ಯಾರೂ ಹೋಲಿಸಿ ನೋಡಿರಲಿಲ್ಲ. ಇದನ್ನು ಕುಡಿದು ವಾಸಿಯಾಯಿತು ಎಂಬ ಸಂದೇಶ ಬಂದಾಗ ಕೇಳಬೇಕಾದ ಪ್ರಶ್ನೆಯೂ ಅದೇ: ಕುಡಿಯದವರಿಗೆ ಏನಾಯಿತು?