ಅನಾನಸ್ ಬಿಟ್ಟು ಹೊಗೆ ಹಿಡಿದ ಮೇಷ್ಟ್ರು

ಯಾವುದಾದರೂ ಪೆಟ್ರೋಲ್ ಕಾರಿನ ಬಾನೆಟ್ ಎತ್ತಿ ನೋಡಿ. ವಾಲ್ವ್ ಕವರ್ ಹತ್ತಿರ ಹೆಬ್ಬೆರಳು ಗಾತ್ರದ ಒಂದು ಚಿಕ್ಕ ವಾಲ್ವ್ ಇರುತ್ತೆ, ಅದರಿಂದ ಒಂದು ರಬ್ಬರ್ ಪೈಪು ಇನ್‌ಟೇಕ್ ಮ್ಯಾನಿಫೋಲ್ಡಿಗೆ ಹೋಗಿರುತ್ತೆ. ಅದೇ ಪಿಸಿವಿ ವಾಲ್ವ್. ನಮ್ಮ ಕಾಲೇಜಿನ ಕಾರ್ ಟೀಮಿನಲ್ಲಿ ಪ್ರತಿ ವರ್ಷ ಯಾರಾದರೂ ಒಬ್ಬ ಹುಡುಗ ಬಂದು, ಈ ಪೈಪು ಕಿತ್ತು ಬಿಸಾಕಿ, ತೂತಿಗೆ ಒಂದು ಬ್ರೀದರ್ ಫಿಲ್ಟರ್ ಸಿಕ್ಕಿಸಿದರೆ ಪವರ್ ಜಾಸ್ತಿ ಆಗುತ್ತೆ ಅಂತ ವಾದ ಮಾಡ್ತಾನೆ. ಹೋದ ವರ್ಷ ಆ ಹುಡುಗ ನಾನೇ. ಆ ವಾದಕ್ಕೆ ಉತ್ತರ ಹುಡುಕಲು ಹೋದಾಗ ಸಿಕ್ಕವರು ಆರಿ ಯಾನ್ ಹಾಗೆನ್-ಸ್ಮಿಟ್. ಅವರು ಮೆಕ್ಯಾನಿಕಲ್ ಅಲ್ಲ, ಆಟೋಮೊಬೈಲ್ ಅಲ್ಲ, ಇಂಜಿನಿಯರೇ ಅಲ್ಲ. ಈ ವಾಲ್ವನ್ನು ಕಂಡುಹಿಡಿದವರೂ ಅಲ್ಲ. ಆದರೂ ಈ ವಾಲ್ವ್ ಇವತ್ತು ಪ್ರತಿ ಕಾರಿನಲ್ಲೂ ಇದೆ ಅಂದ್ರೆ ಅದರ ಹಿಂದೆ ಅವರಿದ್ದಾರೆ.

ಹುಟ್ಟಿದ್ದು 1900ರ ಡಿಸೆಂಬರ್ 22ರಂದು, ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ. ತಂದೆ ಅಲ್ಲಿನ ಸರ್ಕಾರಿ ಟಂಕಸಾಲೆಯಲ್ಲಿ ಕೆಮಿಸ್ಟ್. ಮಗನೂ ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಕೆಮಿಸ್ಟ್ರಿ ಓದಿ, ಗಿಡಗಳ ಸುಗಂಧ ತೈಲಗಳಲ್ಲಿರುವ ಟರ್ಪೀನ್‌ಗಳ ಮೇಲೆ 1929ರಲ್ಲಿ ಡಾಕ್ಟರೇಟ್ ಪಡೆದರು. ಆಮೇಲೆ ಗಿಡ ಬೆಳೆಯಲು ಬೇಕಾದ ಹಾರ್ಮೋನಿನ ಬೆನ್ನು ಹತ್ತಿದರು. 1934ರಲ್ಲಿ ಫ್ರಿಟ್ಸ್ ಕೋಗ್ಲ್ ಅವರ ಗುಂಪಿನಲ್ಲಿದ್ದಾಗ ಇಂಡೋಲ್ ಅಸಿಟಿಕ್ ಆಸಿಡ್ ಬೇರ್ಪಡಿಸಿದರು. ಎಲ್ಲಿಂದ ಗೊತ್ತಾ? ಮನುಷ್ಯರ ಮೂತ್ರದಿಂದ. ಪಿಯುಸಿ ಬಯಾಲಜಿ ಓದಿದವರಿಗೆ ಆಕ್ಸಿನ್ ಅನ್ನೋ ಹೆಸರು ನೆನಪಿರಬೇಕು, ಅದೇ ಇದು. ಕಣ್ಣಿಗೆ ಕಾಣದಷ್ಟು ಕಡಿಮೆ ಇರುವ ಒಂದು ವಸ್ತುವನ್ನು ರಾಶಿ ಕಸದ ಮಧ್ಯದಿಂದ ಹೆಕ್ಕಿ ತೆಗೆಯೋದು ಅವರಿಗೆ ಒಲಿದಿದ್ದ ವಿದ್ಯೆ. ಮುಂದೆ ಬದುಕೆಲ್ಲ ಕೈ ಹಿಡಿದದ್ದೂ ಅದೇ.

1936ರಲ್ಲಿ ಹಾರ್ವರ್ಡ್‌ಗೆ ಹೋದರು, ಮರುವರ್ಷವೇ ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿರುವ ಕ್ಯಾಲ್‌ಟೆಕ್‌ಗೆ ಬಂದರು, ಕೊನೆಯವರೆಗೂ ಅಲ್ಲೇ ಉಳಿದರು. ಅಲ್ಲಿ ಅವರ ಕೆಲಸ ವಾಸನೆ ಮತ್ತು ರುಚಿಯ ಕೆಮಿಸ್ಟ್ರಿ. ಈರುಳ್ಳಿ, ಬೆಳ್ಳುಳ್ಳಿ, ವೈನ್, ಅನಾನಸ್. ಲ್ಯಾಬ್ ತುಂಬ ಹವಾಯಿಯ ಅನಾನಸ್ ತರಿಸಿ, ಅದರ ಆವಿಯನ್ನು ಎಳೆದು, ಅತಿ ತಣ್ಣಗಿನ ಕೊಳವೆಗಳಲ್ಲಿ ಹನಿಹನಿಯಾಗಿ ಹಿಡಿದು, ಘಮಕ್ಕೆ ಕಾರಣ ಯಾವ್ಯಾವ ವಸ್ತು ಅಂತ ಪಟ್ಟಿ ಮಾಡುತ್ತಿದ್ದರು. ನೆಮ್ಮದಿಯ ಕೆಲಸ. ಯಾರ ಜೊತೆಗೂ ಜಗಳ ಇಲ್ಲ.

ಜಗಳ ಕಿಟಕಿಯಾಚೆ ಕಾಯ್ತಾ ಇತ್ತು. 1943ರ ಜುಲೈನಲ್ಲಿ ಒಂದು ದಿನ ಲಾಸ್ ಏಂಜಲೀಸ್ ಪೇಟೆಯ ಮೇಲೆ ದಟ್ಟ ಮಬ್ಬು ಇಳಿಯಿತು. ಜನರ ಕಣ್ಣು ಉರಿದು ನೀರು ಸುರಿಯತೊಡಗಿತು. ಯುದ್ಧದ ಕಾಲ, ಜಪಾನಿನವರು ವಿಷದ ಗ್ಯಾಸ್ ಬಿಟ್ಟಿರಬೇಕು ಅಂತ ಕೆಲವರು ಹೆದರಿದರು. ಆಮೇಲೆ ತಪ್ಪು ಸಿಂಥೆಟಿಕ್ ರಬ್ಬರಿಗೆ ಬ್ಯೂಟಾಡೈಈನ್ ಮಾಡುತ್ತಿದ್ದ ಒಂದು ಫ್ಯಾಕ್ಟರಿಯ ಮೇಲೆ ಬಂತು. ಫ್ಯಾಕ್ಟರಿ ನಿಂತರೂ ಮಬ್ಬು ನಿಲ್ಲಲಿಲ್ಲ. ಲಂಡನ್ನಿನ ಹೊಗೆಮಂಜಿಗೆ ಕಲ್ಲಿದ್ದಲಿನ ಗಂಧಕ ಕಾರಣ ಅಂತ ಗೊತ್ತಿತ್ತು, ಇಲ್ಲೂ ಅದೇ ಇರಬೇಕು ಅಂತ ತಜ್ಞರು ಅಂದುಕೊಂಡರು. ಆದರೆ ಇಲ್ಲಿನ ಗುಣವೇ ಬೇರೆ. ಬಿಸಿಲು ಚೆನ್ನಾಗಿದ್ದ ದಿನವೇ ಮಬ್ಬು ಜಾಸ್ತಿ. ಪಾಲಕ್ ಎಲೆ ಬೆಳ್ಳಿ ಬಣ್ಣಕ್ಕೆ ತಿರುಗಿ ಒಣಗುತ್ತಿತ್ತು. ರಬ್ಬರ್ ಸಾಮಾನು ಬೇರೆ ಊರಿಗಿಂತ ಬೇಗ ಬಿರುಕು ಬಿಡುತ್ತಿತ್ತು.

1947ರಲ್ಲಿ ಕೌಂಟಿಯ ವಾಯುಮಾಲಿನ್ಯ ನಿಯಂತ್ರಣ ಇಲಾಖೆ ಶುರುವಾಯಿತು. ಗಿಡಗಳಿಗೆ ಏನಾಗ್ತಿದೆ ನೋಡಿ ಅಂತ ಹಾಗೆನ್-ಸ್ಮಿಟ್ ಅವರನ್ನು ಕೇಳಿಕೊಂಡರು. ಅವರು ಮಾಡಿದ್ದು ಬಹಳ ಸರಳ: ಅನಾನಸ್ ತೆಗೆದಿಟ್ಟು, ಅದೇ ಸಾಮಾನಿನ ಬಾಯಿಯನ್ನು ಕಿಟಕಿಯಾಚೆ ತಿರುಗಿಸಿದರು. ಸುಮಾರು 30,000 ಘನ ಅಡಿ ಹೊರಗಾಳಿ ಎಳೆದು ತಣ್ಣಗೆ ಮಾಡಿದರೆ ಸಿಕ್ಕಿದ್ದು ಕೆಲವೇ ಹನಿ, ಕಂದು ಬಣ್ಣದ, ಮೂಗು ಮುಚ್ಚಿಕೊಳ್ಳುವಂಥ ದ್ರವ. ಅದರಲ್ಲಿ ಗಂಧಕದ ಕಥೆಗಿಂತ ಆಲ್ಡಿಹೈಡ್, ಸಾವಯವ ಆಮ್ಲ, ಪೆರಾಕ್ಸೈಡ್‌ಗಳ ಕಥೆಯೇ ಹೆಚ್ಚಿತ್ತು. ಅಂದರೆ ಪೆಟ್ರೋಲಿಯಂ ಹೈಡ್ರೋಕಾರ್ಬನ್ ಅರ್ಧಂಬರ್ಧ ಆಕ್ಸಿಡೈಸ್ ಆದಾಗ ಬರುವ ವಸ್ತುಗಳು.

ಮುಂದಿನ ಹೆಜ್ಜೆ ಇನ್ನೂ ಚೆನ್ನಾಗಿದೆ. ಹೈಡ್ರೋಕಾರ್ಬನ್ ಮತ್ತು ನೈಟ್ರೋಜನ್ ಡೈಆಕ್ಸೈಡ್ ಎರಡನ್ನೂ ಪಾರದರ್ಶಕ ಪೆಟ್ಟಿಗೆಯಲ್ಲಿ ಬೆರೆಸಿ ಬಿಸಿಲು ಬೆಳಕಿಗೆ ಇಟ್ಟರು. ಒಳಗೆ ಓಝೋನ್ ಹುಟ್ಟಿತು. ಅದೇ ವಾಸನೆ ಬಂತು, ಪಾಲಕ್ ಎಲೆಯ ಮೇಲೆ ಅದೇ ಗಾಯ ಕಾಣಿಸಿತು. ಹೊಗೆಮಂಜು ಯಾವ ಚಿಮಣಿಯಿಂದಲೂ ಸಿದ್ಧವಾಗಿ ಹೊರಗೆ ಬರ್ತಾ ಇರಲಿಲ್ಲ, ಊರ ಮೇಲಿನ ಆಕಾಶವೇ ರಿಯಾಕ್ಟರ್ ಆಗಿ ಅದನ್ನು ತಯಾರಿಸ್ತಾ ಇತ್ತು. ಸುತ್ತ ಬೆಟ್ಟ, ಮೇಲೆ ಬಿಸಿಗಾಳಿಯ ಮುಚ್ಚಳ, ಮೇಲಿಂದ ಬಿಸಿಲು. ಕಚ್ಚಾ ಮಾಲು ಮಾತ್ರ ಕೆಳಗಿನಿಂದ ಹೋಗಬೇಕು. ಆ ಮಾಲು ರಿಫೈನರಿಗಳಿಂದ ಮತ್ತು ಕಾರುಗಳಿಂದ ಹೋಗ್ತಿತ್ತು. ಓಝೋನ್ ಅಳೆಯಲು ಅವರು ಬಳಸಿದ್ದು ದುಬಾರಿ ಉಪಕರಣ ಅಲ್ಲ, ಬಗ್ಗಿಸಿಟ್ಟ ರಬ್ಬರ್ ಪಟ್ಟಿ. ಬಿರುಕು ಬೀಳಲು ಎಷ್ಟು ಹೊತ್ತಾಯಿತು ಅಂತ ನೋಡಿದರೆ ಸಾಕು. ಮಬ್ಬು ಕವಿದ ದಿನ ಕೆಲವೇ ನಿಮಿಷಗಳಲ್ಲಿ ಬಿರುಕು ಕಾಣುತ್ತಿತ್ತು. ಈ ಒಂದು ಪ್ರಯೋಗಕ್ಕೆ ನಾನಂತೂ ಅವರ ಅಭಿಮಾನಿ.

ತೈಲ ಕಂಪನಿಗಳಿಗೆ ಇದು ಹಿಡಿಸಲಿಲ್ಲ. ಅವರ ಸಂಘದ ದುಡ್ಡಿನಲ್ಲಿ ಇದೇ ವಿಷಯ ಅಧ್ಯಯನ ಮಾಡುತ್ತಿದ್ದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಒಪ್ಪಲಿಲ್ಲ. ಅಲ್ಲಿನ ಒಬ್ಬ ವಿಜ್ಞಾನಿ ಕ್ಯಾಲ್‌ಟೆಕ್‌ಗೇ ಬಂದು, ಹಾಗೆನ್-ಸ್ಮಿಟ್ ಸಭೆಯಲ್ಲಿ ಕೂತಿರುವಾಗಲೇ, ಈ ಕೆಲಸ ಸರಿಯಿಲ್ಲ ಎಂಬಂತೆ ಮಾತಾಡಿದರು. ಅಲ್ಲಿವರೆಗೆ ಮೇಷ್ಟ್ರಿಗೆ ಇದೊಂದು ಸೈಡ್ ಪ್ರಾಜೆಕ್ಟ್, ಮತ್ತೆ ಅನಾನಸ್ಸಿಗೆ ವಾಪಸ್ ಹೋಗುವ ಯೋಚನೆಯಲ್ಲಿದ್ದರು. ಅವತ್ತು ಸಿಟ್ಟು ನೆತ್ತಿಗೇರಿತು. ಪ್ರಯೋಗಗಳನ್ನೆಲ್ಲ ಇನ್ನಷ್ಟು ಗಟ್ಟಿ ಮಾಡಿ 1952ರಲ್ಲಿ ಪ್ರಬಂಧ ಪ್ರಕಟಿಸಿದರು. ಹಣ್ಣಿನ ಘಮದ ಕೆಲಸ ಹಿಂದೆ ಉಳಿಯಿತು. ಐವತ್ತು ದಾಟಿದ ವಯಸ್ಸಲ್ಲಿ, ಹೆಸರು ಮಾಡಿದ ಕ್ಷೇತ್ರ ಬಿಟ್ಟು, ಊರೆಲ್ಲ ಬೈಯುವ ಕ್ಷೇತ್ರಕ್ಕೆ ಬರೋದು ಸಣ್ಣ ಮಾತಲ್ಲ. ಊರಿನವರೂ ಖುಷಿಯಾಗೇನೂ ಇರಲಿಲ್ಲ. ತಪ್ಪು ಫ್ಯಾಕ್ಟರಿಯದ್ದು ಅಂದ್ರೆ ಎಲ್ಲರಿಗೂ ಇಷ್ಟ, ನಿನ್ನ ಕಾರಿನದ್ದು ಅಂದ್ರೆ ಯಾರಿಗಿಷ್ಟ?

ರಿಫೈನರಿ ಟ್ಯಾಂಕುಗಳ ಸೋರಿಕೆಗೆ ಕಡಿವಾಣ ಬಿತ್ತು. ಮನೆ ಹಿತ್ತಲಲ್ಲಿ ಕಸ ಸುಡೋದು 1957ರಲ್ಲಿ ನಿಷೇಧವಾಯಿತು. ಉಳಿದದ್ದು ಕಾರು. ಡೆಟ್ರಾಯಿಟ್‌ನ ಕಂಪನಿಗಳು ಕಾರಿನ ಹೊಗೆ ಗಾಳಿಯಲ್ಲಿ ಬೇಗ ಕರಗಿಹೋಗುತ್ತೆ, ತೊಂದರೆಯಿಲ್ಲ ಅನ್ನುವ ಧಾಟಿಯಲ್ಲೇ ಮೊದಮೊದಲು ಉತ್ತರ ಕೊಟ್ಟವು. ಎಲ್ಲರ ಕಣ್ಣೂ ಸೈಲೆನ್ಸರ್ ಪೈಪಿನ ಮೇಲೆ. ದಶಕದ ಕೊನೆಗೆ ಗೊತ್ತಾಗಿದ್ದು, ಕಾರಿಗೆ ಇನ್ನೊಂದು ಬಾಯಿಯೂ ಇದೆ ಅಂತ.

ಈಗ ನಮ್ಮ ಸಬ್ಜೆಕ್ಟಿಗೆ ಬರೋಣ. ಪಿಸ್ಟನ್ ರಿಂಗು ಎಷ್ಟೇ ಚೆನ್ನಾಗಿರಲಿ, ಪೂರ್ತಿ ಸೀಲ್ ಆಗಲ್ಲ. ಕಂಪ್ರೆಷನ್ ಮತ್ತು ಪವರ್ ಸ್ಟ್ರೋಕಿನಲ್ಲಿ ಒಂದಿಷ್ಟು ಗ್ಯಾಸ್ ರಿಂಗ್ ಸಂದಿಯಿಂದ ಕೆಳಗೆ ನುಸುಳುತ್ತೆ, ಅದೇ ಬ್ಲೋ-ಬೈ. ಅದರಲ್ಲಿ ಬಹುಪಾಲು ಸುಡದೇ ಉಳಿದ ಪೆಟ್ರೋಲ್ ಮಿಶ್ರಣ, ಜೊತೆಗೆ ನೀರಾವಿ, ಆಮ್ಲ. ಒಳಗೇ ಬಿಟ್ಟರೆ ಆಯಿಲ್ ಕೆಟ್ಟು ಕೆಸರಾಗುತ್ತೆ, ಒತ್ತಡ ಏರಿ ಆಯಿಲ್ ಸೀಲುಗಳು ಸೋರುತ್ತವೆ. ಹಾಗಾಗಿ ಹಳೇ ಕಾರುಗಳಲ್ಲಿ ಕ್ರ್ಯಾಂಕ್‌ಕೇಸಿನಿಂದ ನೆಲದ ಕಡೆಗೆ ಒಂದು ಪೈಪು ಇಳಿಬಿಡುತ್ತಿದ್ದರು. ತುದಿ ಓರೆಯಾಗಿ ಕತ್ತರಿಸಿರುತ್ತಿತ್ತು. ಕಾರು ಓಡುವಾಗ ಗಾಳಿ ಅದನ್ನು ಹೀರಿ ತೆಗೆಯುತ್ತಿತ್ತು. ಟ್ರಾಫಿಕ್ಕಿನಲ್ಲಿ ನಿಂತಾಗ ಆ ಹೀರುವಿಕೆಯೂ ಇಲ್ಲ. ಹೀಗೆ ನೇರವಾಗಿ ರಸ್ತೆಗೆ ಸುರಿಯುತ್ತಿದ್ದದ್ದು ಒಂದು ಕಾರಿನ ಒಟ್ಟು ಹೈಡ್ರೋಕಾರ್ಬನ್ನಿನ ಸುಮಾರು ಕಾಲು ಭಾಗ!

ಮದ್ದು ಮೊದಲೇ ಇತ್ತು. ಎರಡನೇ ಮಹಾಯುದ್ಧದಲ್ಲಿ ಆಳ ನೀರು ದಾಟುವ ಮಿಲಿಟರಿ ಗಾಡಿಗಳಿಗೆ ಇಳಿಬಿಟ್ಟ ಪೈಪಿನಿಂದ ನೀರು ನುಗ್ಗಬಾರದು ಅಂತ, ಆ ಗ್ಯಾಸನ್ನು ಇಂಜಿನ್ನಿನ ಇನ್‌ಟೇಕಿಗೇ ತಿರುಗಿಸುವ ಏರ್ಪಾಡು ಮಾಡಿದ್ದರು. ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಅದನ್ನು ಎಳೆದುಕೊಳ್ಳುತ್ತೆ, ಸಿಲಿಂಡರಿನಲ್ಲಿ ಮತ್ತೆ ಸುಡುತ್ತೆ. ಮಧ್ಯದ ಸ್ಪ್ರಿಂಗ್ ವಾಲ್ವ್ ಮಾಡುವ ಕೆಲಸ ಲೆಕ್ಕದ್ದು: ಐಡಲ್‌ನಲ್ಲಿ ವ್ಯಾಕ್ಯೂಮ್ ಜೋರು, ಬ್ಲೋ-ಬೈ ಕಡಿಮೆ, ಆಗ ದಾರಿ ಕಿರಿದಾಗುತ್ತೆ, ರಸ್ತೆಯಲ್ಲಿ ಓಡುವಾಗ ಅಗಲವಾಗುತ್ತೆ, ಬ್ಯಾಕ್‌ಫೈರ್ ಆದರೆ ಪಟ್ಟಂತ ಮುಚ್ಚಿಕೊಂಡು ಬೆಂಕಿ ಕ್ರ್ಯಾಂಕ್‌ಕೇಸಿಗೆ ಹೋಗದಂತೆ ತಡೆಯುತ್ತೆ. ಬೆಲೆ ಕೆಲವೇ ಡಾಲರ್. 1960ರಲ್ಲಿ ಕ್ಯಾಲಿಫೋರ್ನಿಯಾ ವಾಹನ ಮಾಲಿನ್ಯ ನಿಯಂತ್ರಣ ಮಂಡಳಿ ರಚಿಸಿತು, ಹಾಗೆನ್-ಸ್ಮಿಟ್ ಅದರ ಸದಸ್ಯರಾದರು. 1961ರ ಮಾದರಿಯ ಹೊಸ ಕಾರುಗಳು ಆ ರಾಜ್ಯದಲ್ಲಿ ಈ ವಾಲ್ವ್ ಹೊತ್ತುಕೊಂಡೇ ಬಂದವು. ಉಳಿದ ಅಮೆರಿಕಕ್ಕೆ ಬಂದದ್ದು 1963ರ ಮಾದರಿಗೆ. ನಡುವಿನ ವಿಳಂಬ ಬೇಕಂತಲೇ ಮಾಡಿದ್ದು, ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ತಡ ಮಾಡಿದವು ಅಂತ 1969ರಲ್ಲಿ ಅಮೆರಿಕ ಸರ್ಕಾರ ಕೇಸೇ ಹಾಕಿತು. ಅದೇ ವರ್ಷ ಅದು ರಾಜಿಯಲ್ಲಿ ಮುಗಿಯಿತು.

ಹಾಗಾದರೆ ನನ್ನ ಹೋದ ವರ್ಷದ ವಾದ? ಅದರಲ್ಲಿ ಅರ್ಧ ಸತ್ಯ ಇತ್ತು. ಪಿಸಿವಿ ಪೈಪಿನ ಜೊತೆ ಆಯಿಲ್ ಮಂಜೂ ಇನ್‌ಟೇಕಿಗೆ ಬರುತ್ತೆ. ಅದು ಮಿಶ್ರಣದ ಆಕ್ಟೇನ್ ಇಳಿಸಿ ನಾಕಿಂಗ್‌ಗೆ ದಾರಿ ಮಾಡುತ್ತೆ, ಟರ್ಬೋ ಇದ್ದರೆ ಇಂಟರ್‌ಕೂಲರ್ ಒಳಗೆ ಜಿಡ್ಡು ಹಿಡಿಯುತ್ತೆ. ಇನ್ನೊಂದು ತೊಡಕೂ ಇದೆ: ಫುಲ್ ಥ್ರಾಟಲ್‌ನಲ್ಲಿ ಬ್ಲೋ-ಬೈ ಅತಿ ಹೆಚ್ಚು, ಆದರೆ ಅದೇ ಹೊತ್ತಿಗೆ ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಅತಿ ಕಡಿಮೆ. ಬೂಸ್ಟ್ ಬಂದರಂತೂ ಮ್ಯಾನಿಫೋಲ್ಡಿನ ಒತ್ತಡವೇ ಉಲ್ಟಾ ತಳ್ಳುತ್ತೆ. ಅದಕ್ಕೇ ಟರ್ಬೋ ಇಂಜಿನ್ನಿನಲ್ಲಿ ಒಂದು ಚೆಕ್ ವಾಲ್ವ್, ಮತ್ತೆ ಟರ್ಬೋ ಮುಂದಿನ ಇನ್‌ಟೇಕಿಗೆ ಎರಡನೇ ದಾರಿ. ನಡುವೆ ಒಳಗೆ ತಡೆಗೋಡೆಗಳಿರುವ ಕ್ಯಾಚ್ ಕ್ಯಾನ್ ಕೂರಿಸಿದರೆ ಆಯಿಲ್ ಅಲ್ಲೇ ಇಳಿಯುತ್ತೆ, ಗ್ಯಾಸ್ ಮುಂದೆ ಹೋಗಿ ಸುಡುತ್ತೆ. ಡ್ರೈ ಸಂಪ್ ಇರುವ ರೇಸ್ ಇಂಜಿನ್ನುಗಳಲ್ಲಿ ಸ್ಕ್ಯಾವೆಂಜ್ ಪಂಪುಗಳೇ ಕ್ರ್ಯಾಂಕ್‌ಕೇಸನ್ನು ವ್ಯಾಕ್ಯೂಮ್‌ನಲ್ಲಿ ಇಡುತ್ತವೆ. ರಿಂಗ್ ಚೆನ್ನಾಗಿ ಕೂರುತ್ತೆ, ಒಂದಿಷ್ಟು ಪವರೂ ಸಿಗುತ್ತೆ. ಪೈಪು ಕಿತ್ತು ಫಿಲ್ಟರ್ ಸಿಕ್ಕಿಸೋದು ಇದ್ಯಾವುದೂ ಅಲ್ಲ. ಎಳೆಯುವ ಶಕ್ತಿಯನ್ನೂ ಕಳಕೊಂಡು, ಇಳಿಬಿಟ್ಟ ಪೈಪಿನ ಕಾಲಕ್ಕೆ ವಾಪಸ್ ಹೋದ ಹಾಗೆ.

ಮೇಷ್ಟ್ರ ಕಥೆ ವಾಲ್ವಿಗೆ ಮುಗಿಯಲಿಲ್ಲ. 1968ರಲ್ಲಿ ಕ್ಯಾಲಿಫೋರ್ನಿಯಾದ ಏರ್ ರಿಸೋರ್ಸಸ್ ಬೋರ್ಡ್ ಶುರುವಾದಾಗ ಗವರ್ನರ್ ರೊನಾಲ್ಡ್ ರೇಗನ್ ಅವರನ್ನೇ ಮೊದಲ ಅಧ್ಯಕ್ಷರನ್ನಾಗಿ ಮಾಡಿದರು. ಅದೇ ವರ್ಷದ ಮಾದರಿಯಿಂದ ಕ್ರ್ಯಾಂಕ್‌ಕೇಸ್ ಗ್ಯಾಸ್ ಹೊರಗೆ ಬಿಡೋದು ಇಡೀ ಅಮೆರಿಕದಲ್ಲೇ ನಿಷಿದ್ಧವಾಯಿತು. ಆದರೆ ಇನ್ನೊಂದು ಕಡೆ ಕೈ ಸುಟ್ಟುಕೊಂಡಿದ್ದರು. 1966ರಿಂದ ಎಕ್ಸಾಸ್ಟ್‌ನ ಹೈಡ್ರೋಕಾರ್ಬನ್, ಕಾರ್ಬನ್ ಮಾನಾಕ್ಸೈಡ್ ಇಳಿಸಲು ಇಂಜಿನ್ನುಗಳ ಟ್ಯೂನಿಂಗ್ ಬದಲಿಸಿದ್ದರು. ಅವೆರಡೂ ಇಳಿದವು, ಆದರೆ ನೈಟ್ರೋಜನ್ ಆಕ್ಸೈಡ್ ಏರಿತು. ಅವರ ಪಾರದರ್ಶಕ ಪೆಟ್ಟಿಗೆಯ ಎರಡನೇ ಕಚ್ಚಾ ಮಾಲು ಅದೇ ಅಲ್ವಾ! ಅದನ್ನು ತಗ್ಗಿಸುವ ಉಪಕರಣವನ್ನು 1966ರಿಂದ 1970ರವರೆಗಿನ ಕಾರುಗಳಿಗೆ ಮಾಲೀಕರ ಖರ್ಚಿನಲ್ಲೇ ಹಾಕಿಸಬೇಕು ಅಂತ ಬೋರ್ಡ್ ಹೊರಟಾಗ ದೊಡ್ಡ ಗಲಾಟೆಯಾಯಿತು. 1973ರ ಕೊನೆಗೆ ಕುರ್ಚಿ ಕೊಟ್ಟ ರೇಗನ್ ಅವರೇ ಕುರ್ಚಿಯಿಂದ ಇಳಿಸಿದರು. ವಿಚಿತ್ರ ನೋಡಿ, ಆ ದೇಶದ ನ್ಯಾಷನಲ್ ಮೆಡಲ್ ಆಫ್ ಸೈನ್ಸ್ ಅವರಿಗೆ ಸಂದಿದ್ದೂ 1973ರದ್ದೇ.

1977ರ ಮಾರ್ಚ್ 17ರಂದು ಪಸಡೀನಾದಲ್ಲಿ ತೀರಿಕೊಂಡರು. ಶ್ವಾಸಕೋಶದ ಕ್ಯಾನ್ಸರ್. ಅದಕ್ಕೆ ಎರಡು ತಿಂಗಳ ಮೊದಲಷ್ಟೇ, ಎಲ್ ಮಾಂಟೆ ಎಂಬಲ್ಲಿ ಕಾರುಗಳನ್ನು ರೋಲರ್ ಮೇಲೆ ಓಡಿಸಿ ಹೊಗೆ ಅಳೆಯುವ ಬೋರ್ಡಿನ ಲ್ಯಾಬಿಗೆ ಅವರ ಹೆಸರಿಟ್ಟಿದ್ದರು. ಮೂವತ್ತೆಂಟು ವರ್ಷದ ಮೇಲೆ, 2015ರಲ್ಲಿ, ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳು ಟೆಸ್ಟಿನಲ್ಲಿ ಒಂದು, ರಸ್ತೆಯಲ್ಲಿ ಇನ್ನೊಂದು ಲೆಕ್ಕ ತೋರಿಸುತ್ತಿವೆ ಎಂಬುದು ಜಗಜ್ಜಾಹೀರಾಯಿತಲ್ಲ, ಆ ಕಾರುಗಳನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಓಡಿಸಿ ನೈಟ್ರೋಜನ್ ಆಕ್ಸೈಡ್ ಅಳೆದು, ಕಂಪನಿ ಬಾಯಿ ಬಿಡುವಂತೆ ಮಾಡಿದವರಲ್ಲಿ ಅದೇ ಲ್ಯಾಬಿನವರೂ ಇದ್ದರು.